ಕ್ಯಾರವಾನ್ ಗಾಡಿಯ ಗ್ಯಾಸ್ ಹೀಟರ್ ಹತ್ತದಿದ್ದರೆ, ಆರಿಹೋದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯವರಿಗೆ ಹೀಟರ್ ಯಾಕೆ ಅಂತ ಅನಿಸಬಹುದು. ಜನವರಿ ಬೆಳಗಿನ ಚಳಿಗೆ ನಮಗೆ ಒಂದು ಸ್ವೆಟರ್ ಸಾಕು, ನಿಜ. ಆದರೆ ಇಲ್ಲಿಂದ ಗಾಡಿ ತಗೊಂಡು ಮನಾಲಿ, ಲೇಹ್, ಊಟಿ ಕಡೆ ಹೊರಡುವ ಮನೆಯವರಿಗೆ ಬೇಕಾಗುತ್ತದೆ. ನಾನು ಬಳ್ಳಾರಿಯಲ್ಲಿ ಟೆಂಪೋ ಟ್ರಾವೆಲರ್‌ಗಳ ಒಳಗೆ ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಕೂರಿಸುವ ಕೆಲಸ ಮಾಡುತ್ತೇನೆ. ಸಿಂಧನೂರು, ಗಂಗಾವತಿ, ರಾಯಚೂರು, ಸಂಡೂರಿನಿಂದ ಗಾಡಿಗಳು ಬರುತ್ತವೆ. ಹೋದವರು ದಾರಿಯಿಂದ ಫೋನ್ ಮಾಡಿ ಕೇಳುವುದರಲ್ಲಿ ಅರ್ಧಕ್ಕರ್ಧ ಈ ಹೀಟರ್ ವಿಷಯವೇ. ಕೈಯಲ್ಲಿ ಎತ್ತಿಕೊಂಡು ಹೋಗುವಂಥದ್ದು, ಚಿಕ್ಕ ಸಿಲಿಂಡರ್‌ನಿಂದ ಉರಿಯುವಂಥದ್ದು, ಮುಂದಿನ ಬಿಲ್ಲೆ ಕೆಂಪಗೆ ಕಾಯುವಂಥದ್ದು. ರಾತ್ರಿ ಹತ್ತು ಗಂಟೆಗೆ, ಮಕ್ಕಳು ನಡುಗುತ್ತಿರುವಾಗ, ಫೋನ್ ಸಿಗ್ನಲ್ ಹೋಗಿ ಬಂದು ಮಾಡುವ ಜಾಗದಲ್ಲಿ ಎಲ್ಲವನ್ನೂ ಹೇಳಲು ಆಗುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಹೊರಡುವ ಮುಂಚೆ ಒಮ್ಮೆ ಓದಿ.

ಮೊದಲನೆಯದಾಗಿ, ಗಾಡಿಯೊಳಗೆ ಗ್ಯಾಸ್ ಹೀಟರ್ ಹಚ್ಚಬಹುದಾ?

ಎಲ್ಲ ಹೀಟರ್ ಅಲ್ಲ. ಡಬ್ಬಿಯ ಮೇಲೆ ಅಥವಾ ಜೊತೆಗಿನ ಪುಸ್ತಕದಲ್ಲಿ ‘ಒಳಾಂಗಣಕ್ಕೆ ಬಳಸಬಹುದು’ ಅಂತ ಸ್ಪಷ್ಟವಾಗಿ ಇರಬೇಕು. ಹೋಟೆಲ್ ಅಂಗಳದಲ್ಲಿ ಛತ್ರಿ ಹಾಗೆ ನಿಲ್ಲಿಸುವ ಹೀಟರ್, ಸಿಲಿಂಡರ್ ತಲೆಗೇ ಕೂರಿಸುವ ತಟ್ಟೆಯಂಥ ಹೀಟರ್, ಇವೆರಡೂ ಬಯಲಿಗೆ ಮಾತ್ರ. ಒಳಗೆ ಬಳಸುವಂಥದ್ದರಲ್ಲಿ ಎರಡು ಕಾವಲು ಇರುತ್ತವೆ. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ಉರಿ ಆರಿಸುವ ಓಡಿಎಸ್ ಪೈಲಟ್ ಒಂದು (ಪೈಲಟ್ ಅಂದರೆ ಹೀಟರ್‌ನಲ್ಲಿ ಮೊದಲು ಹತ್ತುವ ಪುಟ್ಟ ಉರಿ). ಹೀಟರ್ ಉರುಳಿದರೆ ಗ್ಯಾಸ್ ನಿಲ್ಲಿಸುವ ಸ್ವಿಚ್ ಇನ್ನೊಂದು. ಎರಡರಲ್ಲಿ ಒಂದು ಇಲ್ಲದಿದ್ದರೂ ಗಾಡಿಗೆ ಹತ್ತಿಸಬೇಡಿ.

ಎರಡೂ ಇದ್ದರೂ, ಎಲ್ಲರೂ ಎಚ್ಚರ ಇರುವಾಗ ಮಾತ್ರ ಹಚ್ಚಬೇಕು. ಮಲಗುವಾಗ ಆರಿಸಲೇಬೇಕು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಕೇರಳದ ಎಂಟು ಮಂದಿ ಪ್ರವಾಸಿಗರು ಒಂದೇ ಕೋಣೆಯಲ್ಲಿ ತೀರಿಕೊಂಡರು. ಅದರಲ್ಲಿ ನಾಲ್ಕು ಮಕ್ಕಳು. ಚಳಿ ಅಂತ ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು ಕಿಟಕಿ ಭದ್ರ ಮಾಡಿ ಮಲಗಿದ್ದರು. ಹೋಟೆಲ್ ಕೋಣೆಗೆ ಹೋಲಿಸಿದರೆ ನಮ್ಮ ಗಾಡಿ ಎಷ್ಟು ಚಿಕ್ಕದು ಯೋಚನೆ ಮಾಡಿ. ಈ ವಿಷಯ ನನ್ನ ಹತ್ತಿರ ಗಾಡಿ ಮಾಡಿಸುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಹಬ್ಬದ ಹೊತ್ತಲ್ಲಿ ಯಾಕೆ ಕೆಟ್ಟ ಮಾತು ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಆದರೂ ಹೇಳುತ್ತೇನೆ.

ಗಾಡಿ ಓಡುತ್ತಿರುವಾಗ ಹಚ್ಚಬಾರದು. ಪೆಟ್ರೋಲ್ ಬಂಕಿಗೆ ಹೋಗುವ ಮುಂಚೆ ಪೈಲಟ್ ಕೂಡ ಆರಿರಬೇಕು.

ಬಟನ್ ಒತ್ತಿದರೆ ಕಟ್ ಕಟ್ ಅನ್ನುತ್ತದೆ, ಆದರೆ ಪೈಲಟ್ ಹತ್ತುವುದಿಲ್ಲ. ಏನಾಗಿದೆ?

ಹೊಸ ಸಿಲಿಂಡರ್ ಹಾಕಿದ್ದೀರಾ? ಹಾಗಿದ್ದರೆ ಪೈಪಿನಲ್ಲಿ ಗಾಳಿ ತುಂಬಿದೆ. ಗ್ಯಾಸ್ ಬರುವ ಮುಂಚೆ ಆ ಗಾಳಿ ಹೊರಗೆ ಹೋಗಬೇಕು. ನಾಬ್ ಅನ್ನು ಪೈಲಟ್ ಜಾಗಕ್ಕೆ ತಿರುಗಿಸಿ, ಒತ್ತಿ ಹಿಡಿದು, ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಿರಿ. ಉದ್ದ ಪೈಪ್ ಇದ್ದರೆ ಇನ್ನೂ ಸ್ವಲ್ಪ ಹೊತ್ತು. ಆಮೇಲೆ ಸ್ಪಾರ್ಕ್ ಕೊಡಿ. ಹೆಚ್ಚಿನವರು ಐದು ಸೆಕೆಂಡಿಗೆ ಕೈ ಬಿಡುತ್ತಾರೆ. ಇದನ್ನು ಬಾಗಿಲು ತೆರೆದಿಟ್ಟೇ ಮಾಡಿ. ಮೂರ್ನಾಲ್ಕು ಸಲಕ್ಕೂ ಹತ್ತದಿದ್ದರೆ ನಾಬ್ ಮುಚ್ಚಿ, ಐದು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಸುಮ್ನೆ ಒತ್ತುತ್ತಾ ಕೂತರೆ ಹತ್ತದ ಗ್ಯಾಸ್ ಒಳಗೆ ತುಂಬಿಕೊಳ್ಳುತ್ತದೆ.

ಸ್ಪಾರ್ಕ್ ಕಾಣುತ್ತಲೇ ಇಲ್ಲ ಅಂದರೆ, ಗಾಡಿ ಲೈಟ್ ಆರಿಸಿ ಕತ್ತಲಲ್ಲಿ ನೋಡಿ. ನೀಲಿ ಕಿಡಿ ಪೈಲಟ್ ಬಾಯಿಗೆ ಹಾರಬೇಕು. ಬೇರೆ ಕಡೆ ಹಾರುತ್ತಿದ್ದರೆ ಕಿಡಿ ಕೊಡುವ ಕಡ್ಡಿ ಬಾಗಿದೆ ಅಂತ ಅರ್ಥ. ಅಷ್ಟರ ಮಟ್ಟಿಗೆ ಉದ್ದ ಬಾಯಿಯ ಗ್ಯಾಸ್ ಲೈಟರ್‌ನಿಂದ ಹಚ್ಚಿಕೊಳ್ಳಬಹುದು, ಪುಸ್ತಕದಲ್ಲಿ ಹಾಗೆ ಹಚ್ಚಲು ಒಪ್ಪಿಗೆ ಇದ್ದರೆ.

ಪೈಲಟ್ ಹತ್ತುತ್ತದೆ, ನಾಬ್ ಬಿಟ್ಟ ತಕ್ಷಣ ಆರುತ್ತದೆ.

ಪೈಲಟ್ ಪಕ್ಕದಲ್ಲಿ ಬೆರಳುದ್ದದ ಒಂದು ಲೋಹದ ಕಡ್ಡಿ ಇರುತ್ತದೆ. ಅದೇ ಥರ್ಮೋಕಪಲ್. ಅದರ ತುದಿ ಬೆಂಕಿಗೆ ಕಾದಾಗ ಚೂರೇ ಚೂರು ವಿದ್ಯುತ್ ಹುಟ್ಟುತ್ತದೆ, 20–30 ಮಿಲಿವೋಲ್ಟ್ ಅಷ್ಟೇ. ಗ್ಯಾಸ್ ವಾಲ್ವ್ ತೆರೆದು ಹಿಡಿಯುವುದು ಆ ಚೂರು ಶಕ್ತಿ. ತುದಿ ಕಾಯದಿದ್ದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ.

ಮೊದಲು ಪೈಲಟ್ ಹತ್ತಿದ ಮೇಲೂ 30 ಸೆಕೆಂಡ್ ನಾಬ್ ಹಿಡಿದೇ ಇರಿ. ಚಳಿಯಲ್ಲಿ ಇನ್ನೂ ಜಾಸ್ತಿ. ಆಗಲೂ ಆರಿದರೆ, ಹೀಟರ್ ತಣ್ಣಗಾದ ಮೇಲೆ ಕಡ್ಡಿಯ ತುದಿ ನೋಡಿ. ಮಸಿ ಹಿಡಿದಿದ್ದರೆ ಒಣ ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಪೈಲಟ್ ಉರಿ ಆ ತುದಿಯನ್ನು ಸುತ್ತಿಕೊಳ್ಳುತ್ತಿದೆಯಾ ನೋಡಿ. ಹಿಂದಿನ ನಟ್ ಸಡಿಲ ಆಗಿರುವುದೂ ಉಂಟು, ನಮ್ಮ ರಸ್ತೆಗಳ ಕುಲುಕಾಟಕ್ಕೆ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು. ಅದಕ್ಕಿಂತ ಜಾಸ್ತಿ ಬೇಡ.

ಉರಿ ಹಳದಿ ಬರುತ್ತಿದೆ, ಶಕ್ತಿ ಇಲ್ಲ. ಹೋದ ವರ್ಷ ಚೆನ್ನಾಗಿತ್ತು.

ಇದು ನಮ್ಮ ಸೀಮೆಯ ಕಾಯಿಲೆ ಅಂತಲೇ ಹೇಳುತ್ತೇನೆ. ಧೂಳು.

ಪೈಲಟ್ ಬುಡದಲ್ಲಿ ಗಾಳಿ ಎಳೆದುಕೊಳ್ಳುವ ಸಣ್ಣ ತೂತು ಇರುತ್ತದೆ. ಗುಂಡುಸೂಜಿಯ ತಲೆಯಷ್ಟು. ಅದು ಅರ್ಧ ಮುಚ್ಚಿದರೂ ಉರಿ ಹಳದಿಯಾಗಿ ಸೊರಗುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಗಾಡಿ ಬಂದರೆ ಒಳಗೆ ಕೆಂಪು ಅದಿರು ಧೂಳು ಸಿಗುತ್ತದೆ. ಮುಖಕ್ಕೆ ಹಚ್ಚಿಕೊಳ್ಳುವ ಪೌಡರ್‌ಗಿಂತ ನುಣುಪು. ಗಂಗಾವತಿ, ಸಿಂಧನೂರಿನ ಗಾಡಿಯಲ್ಲಿ ಅಕ್ಕಿ ಗಿರಣಿಯ ತೌಡು, ಹೊಟ್ಟು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಮಾಡುವ ಮನೆಯವರ ಹೀಟರ್ ಬಿಚ್ಚಿದರೆ ನೀಲಿ ನೂಲಿನ ಎಳೆ. ಗಾಡಿ ಎಲ್ಲಿಯದು ಅಂತ ಕೇಳದೆ, ಹೀಟರ್ ನೋಡಿಯೇ ಹೇಳಬಹುದು. ಜೇಡ ಕೂಡ ಬರ್ನರ್ ಕೊಳವೆಯೊಳಗೆ ಗೂಡು ಕಟ್ಟುತ್ತದೆ. ಒಂದೆರಡು ಎಳೆ ಬಲೆ ಸಾಕು, ಉರಿ ಕೆಡುತ್ತದೆ.

ಹೀಟರ್ ಪೂರ್ತಿ ತಣ್ಣಗಾಗಲಿ, ಸಿಲಿಂಡರ್ ಬಿಚ್ಚಿಡಿ. ಕ್ಯಾಮೆರಾ ಅಥವಾ ಕಂಪ್ಯೂಟರ್ ಧೂಳು ಊದುವ ರಬ್ಬರ್ ಬಲ್ಬ್ ಸಿಗುತ್ತದೆ. ಅದರಿಂದ ಪೈಲಟ್ ತೂತಿಗೆ, ಬರ್ನರ್ ಬಿಲ್ಲೆಗೆ, ಜಾಲರಿಗೆ ಊದಿ. ಪಂಕ್ಚರ್ ಅಂಗಡಿಯ ಗಾಳಿ ಹಿಡಿಯಬೇಡಿ. ಆ ರಭಸಕ್ಕೆ ಬಿಲ್ಲೆ ಸೀಳುತ್ತದೆ, ಗಾಳಿಯ ಜೊತೆ ನೀರಿನ ಪಸೆಯೂ ಬರುತ್ತದೆ. ಪಿನ್ನು, ಸೂಜಿ, ಸ್ಟವ್ ಪಿನ್ ಯಾವುದನ್ನೂ ತೂರಿಸಬೇಡಿ. ಸೀಮೆಎಣ್ಣೆ ಸ್ಟವ್ ಕಾಲದ ಅಭ್ಯಾಸ ಅದು. ಇಲ್ಲಿ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಗಾಳಿಯ ಲೆಕ್ಕ ತಪ್ಪುತ್ತದೆ. ಆಮೇಲೆ ಓಡಿಎಸ್ ನಂಬಿಕೆಗೆ ಉಳಿಯುವುದಿಲ್ಲ.

ಊದಿದ ಮೇಲೆ ಬಯಲಲ್ಲಿ ಹಚ್ಚಿ ನೋಡಿ. ಪೈಲಟ್ ನೀಲಿ ಬಂದರೆ ಸರಿ. ಹಳದಿಯೇ ಇದ್ದರೆ ಗಾಡಿಯೊಳಗೆ ಹಚ್ಚಬೇಡಿ. ಹಳದಿ ಉರಿ ಅಂದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ವಿಷಗಾಳಿ ಹುಟ್ಟುತ್ತಿದೆ.

ಬಳ್ಳಾರಿಯಲ್ಲಿ ಹಚ್ಚಿ ನೋಡಿದೆವು, ಮನಾಲಿಯಲ್ಲೂ ಉರಿಯಿತು. ಕೇಲಾಂಗ್‌ನಲ್ಲಿ ಹತ್ತಲೇ ಇಲ್ಲ. ಕೆಟ್ಟಿದೆಯಾ?

ಕೆಟ್ಟಿಲ್ಲ. ಎತ್ತರ ಜಾಸ್ತಿ ಆಯಿತು. ಓಡಿಎಸ್ ಇರುವ ಪೋರ್ಟಬಲ್ ಹೀಟರ್‌ಗಳ ಪುಸ್ತಕದಲ್ಲಿ ಸಾಮಾನ್ಯವಾಗಿ ಸುಮಾರು 7,000 ಅಡಿ ಮೇಲೆ ತಾನೇ ಆರಬಹುದು ಅಂತ ಬರೆದಿರುತ್ತಾರೆ. ಮನಾಲಿ ಸುಮಾರು 6,700 ಅಡಿ. ಅಟಲ್ ಸುರಂಗ ದಾಟಿ ಕೇಲಾಂಗ್ ಮುಟ್ಟಿದರೆ 10,000 ಅಡಿ. ಲೇಹ್ 11,500 ಅಡಿ. ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲು ಮಾತ್ರ. ನಮ್ಮ ಬಳ್ಳಾರಿ 1,600 ಅಡಿಯ ಆಸುಪಾಸು. ಇಲ್ಲಿ ಹಚ್ಚಿ ನೋಡಿದ್ದಕ್ಕೂ ಅಲ್ಲಿ ಹತ್ತುವುದಕ್ಕೂ ಸಂಬಂಧವೇ ಇಲ್ಲ.

ನನಗೂ ಇದು ಗೊತ್ತಿರಲಿಲ್ಲ. ಮೊದಲ ಸಲ ಕೇಲಾಂಗ್ ದಾಟಿ ಜಿಸ್ಪಾ ಎಂಬಲ್ಲಿ ನದಿ ದಂಡೆಗೆ ಗಾಡಿ ನಿಲ್ಲಿಸಿದ್ದೆವು. ಪೈಲಟ್ ಹತ್ತುತ್ತದೆ, ಉರಿ ಬುಡ ಬಿಟ್ಟು ಮೇಲೆದ್ದ ಹಾಗೆ ಆಡುತ್ತದೆ, ಆರುತ್ತದೆ. ಎರಡು ಗಂಟೆ ಬಿಚ್ಚಿ ಜೋಡಿಸಿದೆ. ಬೆರಳು ಸೆಟೆದು ನಟ್ ಕೈ ಜಾರಿ ಕಲ್ಲಿನ ಮಧ್ಯೆ ಬಿತ್ತು. ಬೆಳಿಗ್ಗೆ ಚಹಾದ ಡೇರೆಯವರು ಹೀಟರ್ ನೋಡಿದ ತಕ್ಷಣ ಹೇಳಿದರು, ಇದು ಇಲ್ಲಿ ನಡೆಯಲ್ಲ, ಎಲ್ಲರದ್ದೂ ಹೀಗೇ ಅಂತ.

ತೆಳು ಗಾಳಿಯಲ್ಲಿ ಪೈಲಟ್ ಉರಿ ನೆಟ್ಟಗೆ ನಿಲ್ಲುವುದಿಲ್ಲ. ಥರ್ಮೋಕಪಲ್‌ನ ತುದಿಗೆ ತಾಕುವುದಿಲ್ಲ. ಆಮ್ಲಜನಕ ಸಾಲದು ಅಂತಲೇ ಹೀಟರ್ ತಿಳಿದುಕೊಳ್ಳುತ್ತದೆ. ಇದಕ್ಕೆ ರಿಪೇರಿ ಇಲ್ಲ, ಮಾಡಲೂ ಬಾರದು. ಓಡಿಎಸ್ ಕಿತ್ತು ಸಾದಾ ಪೈಲಟ್ ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಅಷ್ಟು ಎತ್ತರಕ್ಕೆ ಹೋಗುವವರು ಚಳಿಗೆ ಬೇರೆ ದಾರಿ ಮಾಡಿಕೊಂಡೇ ಹೊರಡಬೇಕು. ಅದನ್ನು ಕೆಳಗೆ ಬರೆದಿದ್ದೇನೆ.

ಊಟಿ, ಚಿಕ್ಕಮಗಳೂರಿಗೆ?

ಮುಳ್ಳಯ್ಯನಗಿರಿಯ ತುದಿಯೇ 6,300 ಅಡಿ ಚಿಲ್ಲರೆ. ಅಲ್ಲಿ ತೊಂದರೆ ಬರಬಾರದು. ಊಟಿ 7,300 ಅಡಿ ದಾಟುತ್ತದೆ. ಕೆಲವು ಹೀಟರ್ ಉರಿಯುತ್ತವೆ, ಕೆಲವು ಆರುತ್ತವೆ. ಆರಿದರೆ ಜಗಳ ಬೇಡ.

ಅರ್ಧ ಗಂಟೆ ಚೆನ್ನಾಗಿ ಉರಿಯುತ್ತದೆ, ಆಮೇಲೆ ತಾನೇ ಆರುತ್ತದೆ. ಮತ್ತೆ ಹಚ್ಚಿದರೆ ಐದೇ ನಿಮಿಷ.

ಇಂಥ ಫೋನ್ ಬಂದರೆ ನಾನು ಮೊದಲು ಕೇಳುವುದು ಹೀಟರ್ ಬಗ್ಗೆ ಅಲ್ಲ. ಕಿಟಕಿ ತೆರೆದಿದೆಯಾ? ತಲೆ ನೋಯುತ್ತಿದೆಯಾ? ಎಲ್ಲರೂ ಮೊದಲು ಕೆಳಗೆ ಇಳಿಯಿರಿ ಅನ್ನುತ್ತೇನೆ.

ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ ಇರುತ್ತದೆ. ಅದು 18ರ ಹತ್ತಿರ ಇಳಿದರೆ ಓಡಿಎಸ್ ಉರಿ ಆರಿಸುತ್ತದೆ. ಮುಚ್ಚಿದ ಗಾಡಿಯಲ್ಲಿ ಆರು ಜನ ಉಸಿರಾಡುತ್ತಾ, ಜೊತೆಗೆ ಬೆಂಕಿಯೂ ಉರಿದರೆ ಅಲ್ಲಿಗೆ ಬರಲು ಬಹಳ ಹೊತ್ತು ಬೇಡ. ಮತ್ತೆ ಹಚ್ಚಿದಾಗ ಬೇಗ ಆರುತ್ತದೆ ಅಂದರೆ ಗಾಳಿ ಇನ್ನೂ ಬದಲಾಗಿಲ್ಲ. ಹೀಟರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ, ನಾವು ಅದನ್ನು ಕೆಟ್ಟಿದೆ ಅನ್ನುತ್ತಿದ್ದೇವೆ.

ಕಿಟಕಿ ಒಂದು ಕಡೆ ಮಾತ್ರ ತೆರೆದರೆ ಸಾಲದು. ಗಾಳಿ ಕೆಳಗಿನಿಂದ ಬಂದು ಮೇಲಿನಿಂದ ಹೋಗಬೇಕು. ನೆಲದ ಹತ್ತಿರ ಒಂದು ಕಿಂಡಿ, ಚಾವಣಿಯಲ್ಲಿ ಒಂದು. ಎಷ್ಟು ಅಗಲ ಅನ್ನುವುದು ಹೀಟರ್ ಪುಸ್ತಕದಲ್ಲಿದೆ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಡಿ. ನಾನು ಮಾಡುವ ಗಾಡಿಗಳಲ್ಲಿ ಈ ಎರಡು ಕಿಂಡಿಗೆ ಮುಚ್ಚಳವನ್ನೇ ಇಡುವುದಿಲ್ಲ, ಜಾಲರಿ ಮಾತ್ರ. ಮುಚ್ಚಳ ಇದ್ದರೆ ಚಳಿಗೆ ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ, ಅಲ್ವಾ? ಬಟ್ಟೆ ತುರುಕಿದ್ದನ್ನೂ ನೋಡಿದ್ದೇನೆ. ಬೆಚ್ಚಗಿನ ಗಾಳಿ ಹೊರಗೆ ಹೋಗಿ ಗ್ಯಾಸ್ ದಂಡ ಆಗುತ್ತದೆ ಅನ್ನುವುದು ನಿಜ. ಆ ದಂಡ ಕಟ್ಟಲೇಬೇಕು.

ಕಿಂಡಿ ತೆರೆದಿದ್ದು, ಎತ್ತರವೂ ಕಡಿಮೆ ಇದ್ದು, ಆದರೂ ಆರುತ್ತಿದ್ದರೆ ಆಗ ಪೈಲಟ್ ಧೂಳು, ಥರ್ಮೋಕಪಲ್ ನೋಡಿ. ಮೊದಲು ಉಸಿರಾಡುವ ಗಾಳಿ, ಆಮೇಲೆ ಹೀಟರ್.

ಸಿಲಿಂಡರ್ ಅಲುಗಾಡಿಸಿದರೆ ಗ್ಯಾಸ್ ಇದೆ, ಉರಿ ಮಾತ್ರ ಕಡಿಮೆ ಆಗುತ್ತಾ ಹೋಗುತ್ತದೆ. ಸಿಲಿಂಡರ್ ಮೇಲೆ ಹಿಮ ಕಟ್ಟಿದೆ.

ಸಿಲಿಂಡರ್ ಒಳಗೆ ಇರುವುದು ದ್ರವ. ಅದು ಕುದ್ದು ಆವಿಯಾದರೆ ಮಾತ್ರ ಉರಿಯಲು ಸಿಗುತ್ತದೆ. ಪ್ರೊಪೇನ್ ಸೊನ್ನೆಗಿಂತ ಕೆಳಗೆ 42 ಡಿಗ್ರಿಯಲ್ಲೂ ಕುದಿಯುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರವೇ ನಿಂತುಬಿಡುತ್ತದೆ. ನಮ್ಮ ದೇಶದಲ್ಲಿ ಸಿಗುವ ಎಲ್‌ಪಿಜಿ ಎರಡೂ ಬೆರೆತದ್ದು. ಚಳಿಯಲ್ಲಿ ಪ್ರೊಪೇನ್ ಮೊದಲು ಉರಿದು ಹೋಗುತ್ತದೆ, ಬ್ಯೂಟೇನ್ ತಳದಲ್ಲಿ ಉಳಿಯುತ್ತದೆ. ಅಲುಗಾಡಿಸಿದಾಗ ಸದ್ದು ಮಾಡುವುದು ಅದೇ. ಟ್ರೆಕ್ಕಿಂಗ್ ಅಂಗಡಿಯ ಬರೀ ಬ್ಯೂಟೇನ್ ಡಬ್ಬಿಗಳು ಹಿಮದ ಊರಲ್ಲಿ ಕೈಕೊಡುವುದೂ ಇದಕ್ಕೇ.

ಜೊತೆಗೆ, ಆವಿಯಾಗುವಾಗ ಸಿಲಿಂಡರ್ ತಾನೇ ತಣ್ಣಗಾಗುತ್ತದೆ. ಬೇಗ ಬೇಗ ಗ್ಯಾಸ್ ಎಳೆದಷ್ಟೂ ಹಿಮ ಕಟ್ಟುತ್ತದೆ. ಹೀಟರ್ ಸಣ್ಣ ಉರಿಗೆ ಇಳಿಸಿ. ಆಗಾಗ ಆರಿಸಿ ಬಿಡುವು ಕೊಡಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಬಹುದು. ಕೈಗೆ ಹಿತ ಅನಿಸುವಷ್ಟು ಬಿಸಿ, ಅದಕ್ಕಿಂತ ಜಾಸ್ತಿ ಅಲ್ಲ. ಸಿಲಿಂಡರ್ ಕೆಳಗೆ ಬೆಂಕಿ, ಕುದಿಯುವ ನೀರು, ಹೀಟರ್ ಮುಂದೆಯೇ ಸಿಲಿಂಡರ್ ಇಡುವುದು, ಇವೆಲ್ಲ ಸಾವನ್ನು ಕರೆದ ಹಾಗೆ. ಅಡ್ಡ ಮಲಗಿಸಲೂ ಬೇಡಿ. ದ್ರವ ಪೈಪಿಗೆ ನುಗ್ಗಿ ಉರಿ ಒಮ್ಮೆಲೇ ಭುಗ್ ಅನ್ನುತ್ತದೆ.

ಮನೆಯ ಸಿಲಿಂಡರ್, ಮನೆಯ ರೆಗ್ಯುಲೇಟರ್ ಹಾಕಬಹುದಾ?

14.2 ಕೆಜಿ ಸಿಲಿಂಡರ್ ಕೊಟ್ಟಿರುವುದು ಮನೆಯ ಅಡುಗೆಗೆ. ಗಾಡಿಗೆ 5 ಕೆಜಿಯದು ತಗೊಳ್ಳಿ. ಗುರುತಿನ ಚೀಟಿ ತೋರಿಸಿದರೆ ಗ್ಯಾಸ್ ಏಜೆನ್ಸಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಮಾರುಕಟ್ಟೆ ಬೆಲೆಗೆ ಸಿಗುತ್ತದೆ. ಇಂಡಿಯನ್ ಆಯಿಲ್‌ನವರು ಇದಕ್ಕೆ ‘ಛೋಟು’ ಅಂತ ಹೆಸರಿಟ್ಟಿದ್ದಾರೆ. ದೊಡ್ಡ ಸಿಲಿಂಡರ್‌ನಿಂದ ಚಿಕ್ಕದಕ್ಕೆ ತುಂಬಿಕೊಡುವ ಅಂಗಡಿಗಳ ಹತ್ತಿರ ಹೋಗಬೇಡಿ. ಅಲ್ಲಿ ತೂಕದ ಲೆಕ್ಕ ಇರುವುದಿಲ್ಲ. ಸಿಲಿಂಡರ್ ಪೂರ್ತಿ ತುಂಬಿಬಿಟ್ಟರೆ ಬಿಸಿಲಿಗೆ ದ್ರವ ಹಿಗ್ಗಲು ಜಾಗವೇ ಇರುವುದಿಲ್ಲ.

ರೆಗ್ಯುಲೇಟರ್ ವಿಷಯ ಸ್ವಲ್ಪ ತಾಳ್ಮೆಯಿಂದ ಓದಿ, ಬಹಳ ಜನ ಇಲ್ಲೇ ಎಡವುತ್ತಾರೆ. ನಮ್ಮ ಮನೆಯ ರೆಗ್ಯುಲೇಟರ್ ಹೊರಗೆ ಕೊಡುವ ಒತ್ತಡ ಸುಮಾರು 30 ಮಿಲಿಬಾರ್. ಸಿಲಿಂಡರ್ ಒಳಗಿನ ಒತ್ತಡ ಅದರ ನೂರು ಪಟ್ಟಿಗೂ ಜಾಸ್ತಿ. ವಿದೇಶದಿಂದ ತಂದ ಪೋರ್ಟಬಲ್ ಹೀಟರ್‌ಗಳಲ್ಲಿ ಬಹುಪಾಲು ಒಳಗೇ ರೆಗ್ಯುಲೇಟರ್ ಇರುತ್ತದೆ. ಅವು ಒಂದು ಪೌಂಡಿನ ಪುಟ್ಟ ಸಿಲಿಂಡರ್‌ನಿಂದ ನೇರವಾಗಿ ಗ್ಯಾಸ್ ತಗೊಳ್ಳುವಂಥವು. ಅದಕ್ಕೆ ಮನೆ ರೆಗ್ಯುಲೇಟರ್ ಸೇರಿಸಿದರೆ ಒತ್ತಡ ಎರಡು ಸಲ ಇಳಿದು ಉರಿ ದೀಪದಷ್ಟಾಗುತ್ತದೆ. ಹೀಟರ್ ಸರಿಯಿಲ್ಲ ಅಂತ ಬೈಯುತ್ತಾರೆ. ಇದರ ಉಲ್ಟಾ ಇನ್ನೂ ಕೆಟ್ಟದ್ದು. 30 ಮಿಲಿಬಾರ್‌ಗೆ ಮಾಡಿದ ಹೀಟರ್‌ಗೆ ರೆಗ್ಯುಲೇಟರ್ ಇಲ್ಲದೆ ನೇರ ಕೊಟ್ಟರೆ ಉರಿ ಮಾರುದ್ದ ಚಾಚುತ್ತದೆ. ನನ್ನ ಸಲಹೆ ಕೇಳಿದರೆ, ಇಲ್ಲಿನ ಎಲ್‌ಪಿಜಿಗೆ, 30 ಮಿಲಿಬಾರ್‌ಗೆ ಅಂತಲೇ ಮಾಡಿದ, ಓಡಿಎಸ್ ಇರುವ ಹೀಟರ್ ತಗೊಳ್ಳಿ. ಹೊರದೇಶದ ನೆಂಟರು ತಂದುಕೊಟ್ಟದ್ದಕ್ಕೆ ಲೇತ್ ಅಂಗಡಿಯಲ್ಲಿ ಅಡಾಪ್ಟರ್ ಕಡೆಸುವುದು ಬೇಡ.

ಸಿಲಿಂಡರ್ ತಗೊಳ್ಳುವಾಗ ಕತ್ತಿನ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರ ಮತ್ತು ಇಸವಿ ನೋಡಿ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ. ಅದು ಮುಂದಿನ ಪರೀಕ್ಷೆಯ ಗಡುವು. ದಾಟಿದ್ದರೆ ಬೇರೆಯದು ಕೇಳಿ.

ದೊಡ್ಡ ಸಿಲಿಂಡರ್‌ಗೆ ಪೈಪ್ ಹಾಕಿದ ಮೇಲೆ ಹೀಟರ್ ಕಟ್ಟಿಕೊಂಡಿದೆ. ಒಳಗೆ ಜಿಡ್ಡು ಇದೆ.

ಪೈಪಿನ ರಬ್ಬರ್‌ನಿಂದ ಬಿಟ್ಟ ಎಣ್ಣೆ ಅದು. ನೇರ ಒತ್ತಡದ ಗ್ಯಾಸ್ ಹರಿಯುವ ಪೈಪಿನಲ್ಲಿ ಹೀಗಾಗುತ್ತದೆ. ಒಳಗಿನ ರೆಗ್ಯುಲೇಟರ್, ಪೈಲಟ್ ತೂತು ಎರಡೂ ಮುಚ್ಚುತ್ತವೆ. ಇದಕ್ಕೆ ಫಿಲ್ಟರ್ ಬರುತ್ತದೆ, ಅಥವಾ ಜಿಡ್ಡು ಬಿಡದ ಪೈಪ್. ಒಮ್ಮೆ ಜಿಡ್ಡು ಒಳಗೆ ಹೋದರೆ ಮನೆಯಲ್ಲಿ ತೊಳೆಯಲು ಆಗುವುದಿಲ್ಲ. 30 ಮಿಲಿಬಾರ್ ಹೀಟರ್‌ಗೆ ಐಎಸ್‌ಐ ಗುರುತಿನ ಕೇಸರಿ ಬಣ್ಣದ ಸುರಕ್ಷಾ ಪೈಪ್ ಹಾಕಿ. ಅದನ್ನೂ ಐದು ವರ್ಷಕ್ಕೆ ಬದಲಿಸಬೇಕು. ನಮ್ಮ ಬಿಸಿಲಿಗೆ ಗಾಡಿಯಲ್ಲಿದ್ದ ಪೈಪ್ ಅಷ್ಟು ಬಾಳುವುದಿಲ್ಲ. ಬಗ್ಗಿಸಿ ನೋಡಿ, ಬಿರುಕು ಕಂಡರೆ ಅವತ್ತೇ ತೆಗೆಯಿರಿ.

ಗಾಡಿಯಲ್ಲಿ ಯಾರಾದರೂ ನಡೆದಾಡಿದರೂ ಆರುತ್ತದೆ.

ಉರುಳು ಸ್ವಿಚ್‌ನ ಕೆಲಸ. ಗಾಡಿ ಇಳಿಜಾರಿನಲ್ಲಿ ನಿಂತಿದೆ. ಟೈರ್ ಕೆಳಗೆ ಹಲಗೆ ಕೊಟ್ಟು ಸಮ ಮಾಡಿ, ಹೀಟರ್ ಅನ್ನು ಮೆತ್ತೆಯ ಮೇಲೆ ಇಡದೆ ನೆಲದ ಮೇಲೆ ಇಡಿ. ಮುಂದೆ ಎರಡು ಮೂರು ಅಡಿ ಏನೂ ಇರಬಾರದು, ಹಾಸಿಗೆಯ ಅಂಚು ಕೂಡ. ಸ್ವಿಚ್ ತಂತಿ ಸೇರಿಸಿ ಬೈಪಾಸ್ ಮಾಡಬೇಡಿ.

ಕಿಟಕಿ ಗಾಜಿನಿಂದ ನೀರು ಇಳಿಯುತ್ತದೆ, ಹಾಸಿಗೆ ತೇವ. ಗಾಡಿ ಸೋರುತ್ತಿದೆಯಾ?

ಸೋರುತ್ತಿಲ್ಲ. ಒಂದು ಕೆಜಿ ಪ್ರೊಪೇನ್ ಉರಿದರೆ ಒಂದೂವರೆ ಕೆಜಿಗೂ ಜಾಸ್ತಿ ನೀರು ಆವಿಯಾಗಿ ಹುಟ್ಟುತ್ತದೆ. ಅದರ ಮೇಲೆ ನಮ್ಮ ಉಸಿರು, ಅನ್ನದ ಹಬೆ. ತಣ್ಣನೆ ಗಾಜಿಗೆ ತಾಕಿ ಇಳಿಯುತ್ತದೆ. ಚಾವಣಿ ಕಿಂಡಿ ತೆರೆದಿದ್ದರೆ ಕಡಿಮೆ. ಗಾಜು ಜಾಸ್ತಿ ಬೆವರುತ್ತಿದೆ ಅಂದರೆ ಗಾಳಿ ಸಾಲುತ್ತಿಲ್ಲ ಅಂತಲೂ ತಿಳಿಯಿರಿ.

5 ಕೆಜಿ ಎಷ್ಟು ಹೊತ್ತು ಬರುತ್ತದೆ?

9,000 ಬಿಟಿಯು (ಇದು ಶಾಖದ ಅಳತೆ) ಹೀಟರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 190 ಗ್ರಾಂ ಕುಡಿಯುತ್ತದೆ. 5 ಕೆಜಿಗೆ 26 ಗಂಟೆ. 4,000ದ ಸಣ್ಣ ಉರಿಯಲ್ಲಿ 58 ಗಂಟೆಯ ಹತ್ತಿರ. ಲೆಕ್ಕ ಇದು. ಚಳಿಯಲ್ಲಿ ಕೊನೆಯ ಒಂದು ಕೆಜಿ ಕೈಗೆ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಸಂಜೆ ಎರಡು ಗಂಟೆ ಹಚ್ಚುವವರಿಗೆ ಒಂದು ಸಿಲಿಂಡರ್ ಹತ್ತು ದಿನದ ಪ್ರವಾಸಕ್ಕೆ ಸಾಕಾಗುತ್ತದೆ.

ಗ್ಯಾಸ್ ವಾಸನೆ ಬಂದರೆ?

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ, ಸೀಟಿನ ಕೆಳಗೆ, ಬಾಕ್ಸ್‌ಗಳೊಳಗೆ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೂ ಬೆಂಕಿ ಹಿಡಿಯುತ್ತದೆ. ಲೈಟ್ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ. ಗಾಡಿ ಸ್ಟಾರ್ಟ್ ಮಾಡಬೇಡಿ. ಎಲ್ಲರನ್ನೂ ಇಳಿಸಿ, ಬಾಗಿಲುಗಳನ್ನು ತೆರೆದಿಡಿ, ಕೈಗೆ ಸಿಕ್ಕರೆ ಸಿಲಿಂಡರ್ ಮುಚ್ಚಿ. ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೇ ಇರುವ ಸಂಖ್ಯೆ.

ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಸೋಪಿನ ನೊರೆ. ಜೋಡಣೆಗಳಿಗೆಲ್ಲ ಸವರಿ, ಗುಳ್ಳೆ ಏಳುವ ಕಡೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ಕೈ ಮುಗಿದು ಹೇಳುತ್ತೇನೆ, ಬೇಡ. ಸಿಲಿಂಡರ್ ಬಾಯಿಯ ರಬ್ಬರ್ ವಾಷರ್ ಬಹಳ ಸಲ ಕಾರಣ. ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಬೇಸಿಗೆಯೆಲ್ಲ ಮೂಲೆಯಲ್ಲಿದ್ದ ಹೀಟರ್ ಮೊದಲ ಸಲ ಹಚ್ಚಿದಾಗ ಸುಟ್ಟ ವಾಸನೆ ಬರುತ್ತದೆ. ಅದು ಧೂಳು ಸುಡುವುದು. ಬಯಲಲ್ಲಿ ಹತ್ತು ನಿಮಿಷ ಉರಿಸಿ.

ಹೀಟರ್ ಚೆನ್ನಾಗಿ ಉರಿಯುತ್ತಿದೆ, ಆದರೆ ತಲೆನೋವು ಬರುತ್ತದೆ. ಬೆಟ್ಟದ ಗಾಳಿಗಾ?

ಇರಬಹುದು. ಆದರೆ ಹಾಗಂತ ಬಿಡಬೇಡಿ.

ಮನಾಲಿಯಲ್ಲಿ ನಮಗೇ ಆಯಿತು. ನಮ್ಮ ಅತ್ತೆಗೆ ಚಳಿ ತಡೆಯದೆ ಕಿಟಕಿ ಮುಚ್ಚಿದ್ದರು. ಮಗಳು ಹೊಟ್ಟೆ ತೊಳೆಸುತ್ತಿದೆ ಅಂದಳು. ತಿರುವಿನ ರಸ್ತೆ, ಅದಕ್ಕೇ ಅಂದುಕೊಂಡೆವು. ಹೆಂಡತಿ ಹಣೆ ಒತ್ತಿಕೊಳ್ಳುತ್ತಾ ಕೂತಳು. ನನಗೂ ತಲೆ ಭಾರ. ಆಗ ಹೊಳೆಯಿತು, ಮೂವರಿಗೂ ಒಟ್ಟಿಗೆ ಹೇಗೆ? ಹೀಟರ್ ಆರಿಸಿ ಎಲ್ಲರನ್ನೂ ಚಳಿಗೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ತಲೆ ಹಗುರ ಆಯಿತು. ಆಮೇಲೆ ಬಿಚ್ಚಿ ನೋಡಿದರೆ ಬರ್ನರ್‌ನಲ್ಲಿ ನೂಲಿನ ಎಳೆಗಳು. ಅವತ್ತು ಹೀಟರ್ ಆರಿರಲಿಲ್ಲ, ಇದನ್ನು ಗಮನಿಸಿ. ಓಡಿಎಸ್ ಕಾಯುವುದು ಆಮ್ಲಜನಕವನ್ನು. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಯನ್ನು ಅದು ಅಳೆಯುವುದಿಲ್ಲ. ಬರ್ನರ್ ಕೊಳೆ ಇದ್ದರೆ ಆಮ್ಲಜನಕ ಸಾಕಷ್ಟು ಇರುವಾಗಲೂ ಆ ಗಾಳಿ ಹುಟ್ಟಬಹುದು.

ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯುವುದಿಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು. ಮಂಪರು ಬಂದ ಮೇಲೆ ಎದ್ದು ಬಾಗಿಲು ತೆರೆಯುವ ಬುದ್ಧಿಯೂ ಉಳಿಯುವುದಿಲ್ಲ. ಲೇಹ್ ಕಡೆ ಹೋಗುವವರು ಬೆರಳಿಗೆ ಹಾಕುವ ಆಕ್ಸಿಮೀಟರ್ ಒಯ್ಯುತ್ತಾರೆ. ಅದನ್ನು ಈ ವಿಷಯಕ್ಕೆ ನಂಬಬೇಡಿ. ರಕ್ತದಲ್ಲಿ ವಿಷಗಾಳಿ ಇದ್ದರೂ ಅದು 97, 98 ಅಂತ ಚೆನ್ನಾಗಿಯೇ ತೋರಿಸುತ್ತದೆ. ಯಾರಾದರೂ ಎಚ್ಚರ ತಪ್ಪಿದರೆ ಬಯಲಿಗೆ ತಂದು 108ಕ್ಕೆ ಫೋನ್ ಮಾಡಿ. ಗ್ಯಾಸ್ ಹೀಟರ್ ಉರಿಯುತ್ತಿತ್ತು ಅಂತ ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ.

ಅಲಾರಂ ಯಾವುದು, ಎಲ್ಲಿ?

ಎರಡು ಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗಿದಾಗ ತಲೆ ಇರುವ ಎತ್ತರದಲ್ಲಿ. ಗ್ಯಾಸ್ ಸೋರಿಕೆಯ ಅಲಾರಂ ನೆಲದಿಂದ ಒಂದು ಅಡಿಯೊಳಗೆ. ಅದಲು ಬದಲು ಮಾಡಬೇಡಿ. ವಾರಕ್ಕೊಮ್ಮೆ ಬಟನ್ ಒತ್ತಿ ನೋಡಿ. ಹಿಂದೆ ಬರೆದಿರುವ ಬಾಳಿಕೆಯ ವರ್ಷ ಮುಗಿದರೆ ಕೂಗಿದರೂ ಬದಲಿಸಿ. ಹೀಟರ್‌ಗೆ ಸಾವಿರಾರು ರೂಪಾಯಿ ಕೊಟ್ಟವರು ಇದರಲ್ಲಿ ಚೌಕಾಸಿ ಮಾಡುತ್ತಾರೆ, ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಬೇಸಿಗೆಯಲ್ಲಿ ಗಾಡಿಯಲ್ಲೇ ಬಿಟ್ಟರೆ ಆಗುತ್ತಾ?

ಹೀಟರ್ ಬಿಡಬಹುದು. ಬಾಯಿಗಳಿಗೆ ಟೇಪ್ ಹಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಧೂಳು ಜೇಡ ಎರಡೂ ದೂರ. ಸಿಲಿಂಡರ್ ಬಿಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಗಾಡಿಯೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಒಳಗಿನ ಒತ್ತಡ ಏರಿ ಗ್ಯಾಸ್ ಸೋರಿದರೆ ಗಾಡಿ ತುಂಬ ಗ್ಯಾಸ್. ಗಾಳಿಯಾಡುವ ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿಡಿ.

ರಾತ್ರಿ ಆರಿಸಿ ಮಲಗು ಅಂತೀರಿ. ಹಾಗಾದರೆ ಚಳಿಗೆ?

ನಮ್ಮ ಕಡೆಯ ಕಂಬಳಿ. ಬಳ್ಳಾರಿ ಕುರಿ ಅಂತ ಒಂದು ತಳಿಯೇ ಇದೆ. ಅದರ ಒರಟು ಉಣ್ಣೆಯಿಂದ ನೇಯ್ದ ಕರಿ ಕಂಬಳಿ ತೇವ ಆದರೂ ಬೆಚ್ಚಗಿರುತ್ತದೆ. ಕೆಳಗೊಂದು ಹಾಸಿ, ಮೇಲೊಂದು ಹೊದೆಯಿರಿ. ಚಳಿ ಮೇಲಿಗಿಂತ ಗಾಡಿಯ ತಗಡಿನ ನೆಲದಿಂದ ಜಾಸ್ತಿ ಬರುತ್ತದೆ. ಮಲಗುವ ಮುಂಚೆ ಒಂದು ಗಂಟೆ ಹೀಟರ್ ಹಚ್ಚಿ ಗಾಡಿ ಬೆಚ್ಚಗೆ ಮಾಡಿ, ಆರಿಸಿ, ಸಿಲಿಂಡರ್ ಮುಚ್ಚಿ. ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ಕಾಲ ಬುಡಕ್ಕೆ ಇಡಿ. ಬೆಳಿಗ್ಗೆ ಮೊದಲು ಏಳುವವರು ಕಿಂಡಿ ನೋಡಿ ಮತ್ತೆ ಹಚ್ಚಲಿ.

ಮೇಲಿಂದ ಮೇಲೆ ಹಿಮದ ಊರಿಗೆ ಹೋಗುವವರು ಡೀಸೆಲ್ ಪಾರ್ಕಿಂಗ್ ಹೀಟರ್ ಹಾಕಿಸಿ. ಅದರ ಉರಿಗೆ ಗಾಳಿ ಹೊರಗಿನಿಂದ ಬರುತ್ತದೆ, ಹೊಗೆ ಹೊರಗೇ ಹೋಗುತ್ತದೆ, ಒಳಗೆ ಬರುವುದು ಬರೀ ಬಿಸಿಗಾಳಿ. ದುಬಾರಿ. ಎತ್ತರಕ್ಕೆ ಹೊಂದಿಕೊಳ್ಳುವ ಮಾದರಿ ಕೇಳಿ ತಗೊಳ್ಳಿ. ಅದು ಇದ್ದರೂ ವಿಷಗಾಳಿ ಅಲಾರಂ ಬೇಕೇ ಬೇಕು.

ಅಡುಗೆ ಸ್ಟವ್ ಹಚ್ಚಿಟ್ಟು ಗಾಡಿ ಬೆಚ್ಚಗೆ ಮಾಡುವುದು, ಕೆಂಡದ ಬಾಣಲೆ ಒಳಗಿಡುವುದು, ಎರಡೂ ಬೇಡ.

ಯಾವುದನ್ನು ನಾವೇ ಮಾಡಬಹುದು, ಯಾವುದಕ್ಕೆ ಮೆಕ್ಯಾನಿಕ್ ಬೇಕು?

ಧೂಳು ಊದುವುದು, ಥರ್ಮೋಕಪಲ್ ತುದಿ ಒರೆಸುವುದು, ವಾಷರ್, ಪೈಪ್ ಬದಲಿಸುವುದು, ನೊರೆ ಹಚ್ಚಿ ನೋಡುವುದು ನೀವೇ ಮಾಡಿ. ವಾಲ್ವ್, ಒಳಗಿನ ರೆಗ್ಯುಲೇಟರ್, ಓಡಿಎಸ್ ಬಿಚ್ಚಬೇಡಿ. ಗ್ಯಾಸ್ ಸ್ಟವ್ ರಿಪೇರಿಯವರಿಗೂ ಕೊಡಬೇಡಿ. ಅವರು ಕೈಚಳಕ ಇರುವವರೇ, ಆದರೆ ಸ್ಟವ್‌ನಲ್ಲಿ ಓಡಿಎಸ್ ಇರುವುದಿಲ್ಲ. ತಯಾರಕರ ಸರ್ವಿಸ್ ಸಿಗದಿದ್ದರೆ ಹೊಸ ಹೀಟರ್ ತಗೊಳ್ಳಿ. ಬಿಲ್ಲೆ ಸೀಳಿದ್ದರೂ ಅಷ್ಟೇ.

ಹೊರಡುವ ವಾರ ಮೊದಲು ಮನೆ ಮುಂದಿನ ಬಯಲಲ್ಲಿ ಒಂದು ಗಂಟೆ ಪೂರ್ತಿ ಉರಿಸಿ ನೋಡಿ. ಐದು ನಿಮಿಷ ಹಚ್ಚಿ ಆರಿಸಿದರೆ ಏನೂ ಗೊತ್ತಾಗುವುದಿಲ್ಲ. ಬಳ್ಳಾರಿ ಸೆಕೆಯಲ್ಲಿ ಹೀಟರ್ ಮುಂದೆ ಒಂದು ಗಂಟೆ ಕೂರುವುದು ಕಷ್ಟ, ಸ್ವಲ್ಪ ದೂರ ಕುರ್ಚಿ ಹಾಕಿಕೊಂಡು ಕೂತು ಉರಿಯ ಬಣ್ಣ ನೋಡುತ್ತಿರಿ.